ಬೆಳಗಿನ ಬಿ.ಪಿ. ಏರಿಕೆ, ಸದ್ದಿಲ್ಲದ ಹೃದ್ರೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿನಿಕ್ಕಿನಲ್ಲಿ ಹನ್ನೊಂದು ಗಂಟೆಗೆ ನೋಡಿದರೆ 128/80. ಅದೇ ಮನುಷ್ಯ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ, ಮಾತ್ರೆ ನುಂಗುವ ಮೊದಲು ನೋಡಿಕೊಂಡರೆ 162/96. ಮೆಷಿನ್ ಕೆಟ್ಟಿದೆ ಎನ್ನುತ್ತಾರೆ ಅವರು. ಮನೆ ಮೆಷಿನ್‌ಗಳ ಹಣೆಬರಹವೇ ಇಷ್ಟು ಎನ್ನುತ್ತಾರೆ ಪಕ್ಕದ ಮನೆಯವರು. ಬಹಳ ಸಲ ಎರಡು ಅಂಕಿಗಳೂ ಸರಿಯಾಗಿಯೇ ಇರುತ್ತವೆ. ಹನ್ನೊಂದು ಗಂಟೆಗೆ ಆ ದಿನದ ಮಾತ್ರೆ ಕೆಲಸ ಶುರು ಮಾಡಿರುತ್ತದೆ. ಆರೂವರೆಗೆ ನಿನ್ನೆಯ ಮಾತ್ರೆಯ ಬಾಲವಷ್ಟೇ ಉಳಿದಿರುತ್ತದೆ. ಹೃದಯಕ್ಕೆ ದಿನದ ಕಷ್ಟದ ಹೊತ್ತು ಶುರುವಾಗುವುದೂ ಆಗಲೇ. ಯಾರೂ ಬಿ.ಪಿ. ನೋಡದ ಹೊತ್ತೂ ಅದೇ.

ರೋಗಿಗಳೂ ಅವರ ಜೊತೆ ಬರುವ ಮಕ್ಕಳೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ನಿಮ್ಮ ಮಾತ್ರೆ ಬದಲಿಸುವುದು, ಬಿಡುವುದು ನಿಮ್ಮ ಡಾಕ್ಟರ ಮಾತಿನ ಮೇಲೆಯೇ ಆಗಬೇಕು. ಇದನ್ನು ಓದಿ ಅಲ್ಲ.

ಬೆಳಿಗ್ಗೆ ಬಿ.ಪಿ. ಏರುವುದು ಸಹಜವೋ, ಕಾಯಿಲೆಯೋ?

ಏರುವುದು ಸಹಜ. ಎಲ್ಲರಿಗೂ ಏರುತ್ತದೆ. ಮಲಗಿದಾಗ ಬಿ.ಪಿ. ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು, ಅದು ಆರೋಗ್ಯವಂತರ ಲಕ್ಷಣ. ಬೆಳಗಿನ ಜಾವ ನಾವಿನ್ನೂ ಹೊದಿಕೆಯೊಳಗೆ ಇರುವಾಗಲೇ ದೇಹ ಏಳುವ ಸಿದ್ಧತೆ ಮಾಡಿಕೊಳ್ಳುತ್ತದೆ. ಕಾರ್ಟಿಸಾಲ್ ಹೆಚ್ಚುತ್ತದೆ, ರಕ್ತನಾಳಗಳನ್ನು ಬಿಗಿಮಾಡುವ ರೆನಿನ್ ಸರಣಿ ಚುರುಕಾಗುತ್ತದೆ. ಎದ್ದು ನಿಂತ ಕೂಡಲೇ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಸೇರಿಕೊಳ್ಳುತ್ತವೆ. ನಾಡಿ ಜೋರಾಗುತ್ತದೆ, ಬಿ.ಪಿ. ಮೇಲೇರುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಬ್ರಿಟನ್ನಿನ ವೈದ್ಯರು. ಅಪಧಮನಿಯೊಳಗೇ ಸಣ್ಣ ನಳಿಕೆ ಇಟ್ಟು, ಇಡೀ ದಿನ ಒತ್ತಡ ದಾಖಲಿಸಿ, 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎಚ್ಚರವಾಗುವ ಮೊದಲೇ ಒತ್ತಡ ಏರತೊಡಗಿ, ಬೆಳಗಿನ ನಡುಹೊತ್ತಿಗೆ ತುದಿ ಮುಟ್ಟಿ, ದಿನ ಕಳೆದಂತೆ ಇಳಿದು, ರಾತ್ರಿ ತಳ ಸೇರುತ್ತಿತ್ತು.

ಕಾಯಿಲೆಯಾಗುವುದು ಏರಿಕೆ ಮಿತಿ ಮೀರಿದಾಗ, ಇಲ್ಲವೇ ಏರಿದ್ದು ಇಳಿಯದೆ ಕೂತಾಗ.

ಎಷ್ಟಾದರೆ ಮಿತಿ ಮೀರಿದಂತೆ?

ಇಲ್ಲಿ ಎರಡು ಸಂಗತಿಗಳನ್ನು ಜನ ಕಲಸಿಬಿಡುತ್ತಾರೆ. ಒಂದು, ಬೆಳಗಿನ ಬಿ.ಪಿ.ಯೇ ಹೆಚ್ಚಿರುವುದು. ಇನ್ನೊಂದು, ರಾತ್ರಿಯ ತಳದಿಂದ ಬೆಳಗಿನ ತುದಿಗೆ ಆಗುವ ಜಿಗಿತ. ರಾತ್ರಿ 100 ಇದ್ದವರಿಗೆ ಬೆಳಿಗ್ಗೆ 150 ಆದರೆ ಜಿಗಿತ 50. ರಾತ್ರಿಯೆಲ್ಲ 150 ಇದ್ದು ಬೆಳಿಗ್ಗೆ 160 ಆದವರಿಗೆ ಜಿಗಿತ ಬರೀ 10. ಹಾಗೆಂದು ಅವರು ಕ್ಷೇಮವಾಗಿದ್ದಾರೆ ಎನ್ನುವಂತಿಲ್ಲ. ರಾತ್ರಿಯೂ ಇಳಿಯದ ಬಿ.ಪಿ. ತಾನೇ ಒಂದು ಅಪಾಯ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಲ್ಲಿ ಇದು ಹೆಚ್ಚು.

ಜಿಗಿತದ ಬಗ್ಗೆ ಎಲ್ಲರೂ ಹೇಳುವ ಅಧ್ಯಯನ ಜಪಾನಿನದು, 2003ರಲ್ಲಿ ಪ್ರಕಟವಾದದ್ದು. ಬಿ.ಪಿ. ಇರುವ 519 ಹಿರಿಯರಿಗೆ 24 ಗಂಟೆಯ ಮೆಷಿನ್ ಕಟ್ಟಿ, ಆಮೇಲೆ ವರ್ಷಗಟ್ಟಲೆ ಗಮನಿಸಿದರು. ಜಿಗಿತ 55 ಅಥವಾ ಅದಕ್ಕೂ ಹೆಚ್ಚಿದ್ದವರಲ್ಲಿ ಮೆದುಳಿನ ಆಘಾತ, ಅಂದರೆ ನಾವು ಲಕ್ವ ಎನ್ನುವುದು, ಉಳಿದವರಿಗಿಂತ 2.7 ಪಟ್ಟು ಕಂಡುಬಂತು.

ಆದರೆ ನಿದ್ದೆಯಲ್ಲಿನ ಬಿ.ಪಿ. ಗೊತ್ತಿಲ್ಲದೆ ಜಿಗಿತವನ್ನು ಲೆಕ್ಕ ಹಾಕಲಾಗದು. ಹಾಗಾಗಿ ಮನೆಯವರಿಗೆ ಉಪಯೋಗದ ಗೆರೆ ಬೇರೆ: ಎದ್ದ ಮೇಲೆ, ಮಾತ್ರೆಗೆ ಮೊದಲು, ಐದಾರು ದಿನದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯ ಗೆರೆ ಆಸ್ಪತ್ರೆಯ 140/90ಕ್ಕಿಂತ ಕೆಳಗಿದೆ ಎನ್ನುವುದನ್ನು ಮರೆಯಬೇಡಿ. "ನೂರಾ ನಲವತ್ತರ ಒಳಗಿದೆಯಲ್ಲ" ಎಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ.

ಹಾರ್ಟ್ ಅಟ್ಯಾಕ್ ಬೆಳಿಗ್ಗೆಯೇ ಹೆಚ್ಚು ಅನ್ನುವುದು ನಿಜವೇ?

ನಿಜ. 1985ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು, ಹೃದಯಾಘಾತ ಶುರುವಾದ ಗಂಟೆಯನ್ನು ರಕ್ತದಲ್ಲಿನ ಕಿಣ್ವದ ಏರಿಕೆಯಿಂದ ಹಿಂದಕ್ಕೆ ಎಣಿಸಿ ಕಂಡುಹಿಡಿಯಿತು. ರೋಗಿ ಹೇಳಿದ ಗಂಟೆಯನ್ನಷ್ಟೇ ನಂಬಿದರೆ, ರಾತ್ರಿ ಮಲಗಿದ್ದಾಗ ಆದದ್ದನ್ನು ಬೆಳಿಗ್ಗೆ ಎಂದು ಬರೆದುಕೊಳ್ಳುವ ಅಪಾಯ ಇದ್ದೇ ಇತ್ತು. ಆ ಲೆಕ್ಕದಲ್ಲೂ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗಿನ ಹೊತ್ತೇ ಮುಂದಿತ್ತು. ರಾತ್ರಿ ಹನ್ನೊಂದಕ್ಕೆ ಹೋಲಿಸಿದರೆ ಬೆಳಿಗ್ಗೆ ಒಂಬತ್ತಕ್ಕೆ ಮೂರು ಪಟ್ಟು. ನಾಡಿಯನ್ನೂ ಬಿ.ಪಿ.ಯನ್ನೂ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರಲ್ಲಿ ಮಾತ್ರ ಈ ಬೆಳಗಿನ ದಿಣ್ಣೆ ಕಾಣಲಿಲ್ಲ.

ಕಾರಣ ಬಿ.ಪಿ. ಒಂದೇ ಅಲ್ಲ. ಬೆಳಿಗ್ಗೆ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣ ಹೆಚ್ಚುತ್ತದೆ. ಎಚ್ಚರವಾದ ಮೇಲೂ ಹಾಸಿಗೆಯಲ್ಲೇ ಮಲಗಿದ್ದವರಲ್ಲಿ ಅದು ಹೆಚ್ಚಲಿಲ್ಲ, ಎದ್ದು ನಿಂತ ಮೇಲೆ ಹೆಚ್ಚಿತು ಎನ್ನುವುದೂ ಪ್ರಯೋಗದಲ್ಲಿ ಕಂಡಿದೆ. ಹೆಪ್ಪನ್ನು ಕರಗಿಸುವ ದೇಹದ ಸ್ವಂತ ಶಕ್ತಿ ಆ ಹೊತ್ತಿಗೆ ಕುಗ್ಗಿರುತ್ತದೆ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಬಿಗಿಯಾಗಿರುತ್ತವೆ. ನಾಳದ ಒಳಗೋಡೆಯಲ್ಲಿ ಕೊಬ್ಬಿನ ಗಂಟು ಮೊದಲೇ ಇದ್ದರೆ, ಏರಿದ ಒತ್ತಡಕ್ಕೆ ಅದು ಬಿರಿಯಬಹುದು. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ್ದೆಲ್ಲ ಅದೇ ಗಂಟೆಯಲ್ಲಿ ಸಿದ್ಧವಿರುತ್ತದೆ.

ನೈಟ್ ಶಿಫ್ಟ್‌ನವರಿಗೆ ಒಂದು ಮಾತು. ಇಲ್ಲಿ ದೊಡ್ಡ ಪಾಲು ಗೋಡೆ ಗಡಿಯಾರದ್ದಲ್ಲ, ಎದ್ದ ಗಳಿಗೆಯದು. ನೀವು ಮಧ್ಯಾಹ್ನ ಮೂರಕ್ಕೆ ಏಳುವವರಾದರೆ ನಿಮ್ಮ ಬೆಳಗು ಆಗಲೇ. ಬಿ.ಪಿ. ನೋಡಿಕೊಳ್ಳಬೇಕಾದ್ದೂ ಆಗಲೇ.

ನೋವೇ ಇಲ್ಲದೆ ಹೃದ್ರೋಗ ಇರುವುದು ಹೇಗೆ ಸಾಧ್ಯ?

ನೋವು ಬರುವುದು ಕೊನೆಗೆ. ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗ ಮೊದಲು ಅದು ಸರಿಯಾಗಿ ಸಡಿಲವಾಗುವುದಿಲ್ಲ. ಆಮೇಲೆ ಆ ಭಾಗದ ಹಿಂಡುವ ಶಕ್ತಿ ಕುಂದುತ್ತದೆ. ಆಮೇಲೆ ಇಸಿಜಿಯಲ್ಲಿ ಗೆರೆ ಬದಲಾಗುತ್ತದೆ. ಇಷ್ಟೆಲ್ಲ ಆದ ಮೇಲೆ, ಬಂದರೆ, ಎದೆನೋವು. ಬಹಳ ಸಲ ಕಥೆ ಮೂರನೆಯ ಮೆಟ್ಟಿಲಲ್ಲೇ ನಿಂತು ಹಿಂದಿರುಗುತ್ತದೆ, ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಎದೆನೋವು ಇದೆ ಎಂದು ಗೊತ್ತಿರುವ ರೋಗಿಗಳಿಗೇ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಮೆಷಿನ್, ಕಟ್ಟಿ 24 ಗಂಟೆ ನೋಡಿದರೆ, ರಕ್ತ ಕಡಿಮೆಯಾದ ಪ್ರಸಂಗಗಳಲ್ಲಿ ಸುಮಾರು ಮುಕ್ಕಾಲು ಪಾಲು ನೋವಿಲ್ಲದವು. ಅಂದರೆ ನೋವನ್ನು ಎಣಿಸಿ ಕಾಯಿಲೆಯನ್ನು ಅಳೆಯಲಾಗದು.

ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನವರನ್ನು 1948ರಿಂದ ಗಮನಿಸುತ್ತಿರುವ ಪ್ರಸಿದ್ಧ ಅಧ್ಯಯನವಿದೆ. ಅಲ್ಲಿ ಆದ ಹೃದಯಾಘಾತಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಗೊತ್ತಾಗದೆ ಹೋಗಿದ್ದವು. ಎರಡು ವರ್ಷಕ್ಕೊಮ್ಮೆ ತೆಗೆಯುವ ಇಸಿಜಿಯಲ್ಲಿ ಹಳೆಯ ಗಾಯದ ಗುರುತಾಗಿ ಸಿಕ್ಕವು. ಅವುಗಳಲ್ಲಿ ಅರ್ಧದಷ್ಟು ಪೂರ್ತಿ ಸದ್ದಿಲ್ಲದವು. ಉಳಿದರ್ಧದಲ್ಲಿ ಏನೋ ಆಗಿತ್ತು, ಆದರೆ ಅದು ಹೃದಯದ್ದೆಂದು ರೋಗಿಗೂ ಹೊಳೆದಿರಲಿಲ್ಲ, ವೈದ್ಯರಿಗೂ ಹೊಳೆದಿರಲಿಲ್ಲ.

ನಮ್ಮಲ್ಲಿ ಆ ಉಳಿದರ್ಧಕ್ಕೆ ಒಂದು ಹೆಸರಿದೆ: ಗ್ಯಾಸ್ಟ್ರಿಕ್.

ಹಾಗಾದರೆ ಗ್ಯಾಸ್ ಯಾವುದು, ಹೃದಯ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಕೂತು ಪೂರ್ತಿ ಹೇಳಲಾಗದು, ಆದರೆ ಒಂದು ಸೂಕ್ಷ್ಮ ಇದೆ. ಗ್ಯಾಸ್ ಊಟದ ಜೊತೆ ಬರುತ್ತದೆ, ಹೃದಯದ್ದು ಕೆಲಸದ ಜೊತೆ ಬರುತ್ತದೆ. ಮೆಟ್ಟಿಲು ಹತ್ತುವಾಗ, ದಿಬ್ಬ ಏರುವಾಗ, ನೀರಿನ ಕೊಡ ಎತ್ತಿದಾಗ, ಬಸ್ಸಿಗೆ ಓಡಿದಾಗ ಎದೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತೆ, ಉರಿದಂತೆ, ತುಂಬಿಕೊಂಡಂತೆ ಆಗಿ, ನಿಂತರೆ ಐದು ನಿಮಿಷದಲ್ಲಿ ಹೋಗುತ್ತದೆಯೇ? ಒಂದು ತೇಗು ಬಂದು ಹಗುರವಾಯಿತು ಎಂದರೂ ನಂಬಬೇಡಿ. ನಿಂತಿದ್ದರಿಂದ ಹಗುರವಾಗಿರುತ್ತದೆ, ತೇಗು ಆಕಸ್ಮಿಕ.

ನೋವಿನ ಬದಲು ಬೇರೆ ವೇಷದಲ್ಲೂ ಬರುತ್ತದೆ. ಮೊನ್ನೆಯವರೆಗೆ ಸಲೀಸಾಗಿ ನಡೆದ ದಾರಿಗೆ ಈಗ ದಮ್ಮು ಕಟ್ಟುವುದು. ಕಾರಣವಿಲ್ಲದ ಸುಸ್ತು. ದವಡೆ, ಭುಜ, ಬೆನ್ನಿನ ನಡುವೆ ಎಳೆತ. ತಣ್ಣನೆ ಬೆವರು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ವೇಷಗಳೇ ಹೆಚ್ಚು. ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ಆರು ತಿಂಗಳು ಆ್ಯಂಟಾಸಿಡ್ ಕುಡಿದರು. ಅವರ ದೂರು ಒಂದೇ: "ಬೆಳಿಗ್ಗೆ ಹಾಲು ತರೋಕೆ ಹೋದಾಗ ಮಾತ್ರ ಗ್ಯಾಸು, ಸಂಜೆ ಅದೇ ದಾರಿಯಲ್ಲಿ ಇಲ್ಲ." ಕಾಯಿಲೆಯ ವಿವರಣೆಯನ್ನೇ ಅವರು ಕೊಟ್ಟಿದ್ದರು. ಕೇಳಿಸಿಕೊಂಡವರಿಗೆ ತಡವಾಗಿ ಅರ್ಥವಾಯಿತು.

ಸಕ್ಕರೆ ಕಾಯಿಲೆ ಇದ್ದರೆ ನೋವು ಏಕೆ ತಿಳಿಯುವುದಿಲ್ಲ?

ಪಾದ ಜೋಮು ಹಿಡಿಯುವಂತೆ, ಹೃದಯದಿಂದ ಸುದ್ದಿ ಒಯ್ಯುವ ನರಗಳೂ ವರ್ಷಗಳ ಸಕ್ಕರೆಗೆ ಮಂಕಾಗುತ್ತವೆ. ಕೂತಾಗಲೂ ನಾಡಿ 100ರ ಆಸುಪಾಸು ಇರುವುದು, ಎದ್ದು ನಿಂತಾಗ ತಲೆ ಸುತ್ತುವುದು ಇದರ ಸುಳಿವುಗಳು. ಬಿ.ಪಿ. ಹೆಚ್ಚಿರುವವರಲ್ಲೂ ನೋವಿನ ಅರಿವು ಸ್ವಲ್ಪ ಮೊಂಡಾಗಿರುತ್ತದೆ ಎನ್ನುವುದು ಹಳೆಯ ಗಮನಿಕೆ. ಎರಡೂ ಇರುವವರು ನಮ್ಮಲ್ಲಿ ಕಡಿಮೆಯೇನಲ್ಲ.

ಬೆಳಗಿನ ಬಿ.ಪಿ.ಗೂ ಈ ಸದ್ದಿಲ್ಲದ ಕಾಯಿಲೆಗೂ ನಂಟೇನು?

ಹೃದಯಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂದು ಅಂದಾಜು ಮಾಡಲು ವೈದ್ಯರು ಒಂದು ಸರಳ ಲೆಕ್ಕ ಹಾಕುತ್ತಾರೆ: ನಾಡಿಯನ್ನು ಮೇಲಿನ ಬಿ.ಪಿ.ಯಿಂದ ಗುಣಿಸುವುದು. ನಿದ್ದೆಯಲ್ಲಿ ನಾಡಿ 60, ಬಿ.ಪಿ. 110 ಇದ್ದರೆ ಗುಣಲಬ್ಧ 6,600. ಎದ್ದು, ಓಡಾಡಿ, ಸ್ನಾನಕ್ಕೆ ನೀರು ಕಾಯಿಸಿ, ಮಕ್ಕಳ ಸ್ಕೂಲ್ ವ್ಯಾನಿಗೆ ಅವಸರ ಪಡುವ ಹೊತ್ತಿಗೆ ನಾಡಿ 90, ಬಿ.ಪಿ. 160 ಆಯಿತು ಅನ್ನಿ. ಆಗ 14,400. ಗಂಟೆ ಎರಡು ಗಂಟೆಯೊಳಗೆ ಕೆಲಸ ದುಪ್ಪಟ್ಟಿಗೂ ಮೀರಿತು. ನಾಳ ಚೊಕ್ಕಟವಾಗಿದ್ದರೆ ಹೃದಯ ತನಗೆ ಬೇಕಾದ ರಕ್ತವನ್ನೂ ದುಪ್ಪಟ್ಟು ತರಿಸಿಕೊಳ್ಳುತ್ತದೆ. ನಾಳ ಮುಕ್ಕಾಲು ಕಟ್ಟಿದ್ದರೆ, ಅದರ ಮೇಲೆ ಬೆಳಗಿನ ಬಿಗಿತವೂ ಸೇರಿದರೆ, ಆಗದು. ಬೇಡಿಕೆ ಮೇಲೆ ಹೋಗುವ ಗಳಿಗೆಯಲ್ಲೇ ಪೂರೈಕೆ ಕೆಳಗೆ ಬರುತ್ತದೆ.

ಮೇಷ್ಟ್ರಿಗೆ ಹಾಲಿನ ದಾರಿಯಲ್ಲಿ ಬೆಳಿಗ್ಗೆ ಮಾತ್ರ ತೊಂದರೆಯಾಗುತ್ತಿದ್ದುದು ಇದಕ್ಕೇ. ಹೋಲ್ಟರ್ ಅಧ್ಯಯನಗಳಲ್ಲೂ ನೋವಿಲ್ಲದ ಪ್ರಸಂಗಗಳು ಬೆಳಿಗ್ಗೆ ಆರರಿಂದ ಮಧ್ಯಾಹ್ನದ ನಡುವೆಯೇ ಗುಂಪುಗೂಡುತ್ತವೆ.

ದೀರ್ಘಕಾಲದ ನಂಟೂ ಇದೆ. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ವಿರುದ್ಧ ಹಿಂಡಿ ಹಿಂಡಿ ಹೃದಯದ ಎಡಗೋಣೆಯ ಗೋಡೆ ದಪ್ಪವಾಗುತ್ತದೆ. ಗರಡಿಯಾಳಿನ ತೋಳಿನಂತೆ ಇದು ಬಲದ ಗುರುತಲ್ಲ. ದಪ್ಪ ಗೋಡೆಯ ಒಳಪದರಕ್ಕೆ ರಕ್ತ ತಲುಪುವುದೇ ಕಷ್ಟ. ದೊಡ್ಡ ನಾಳದಲ್ಲಿ ಅಡೆತಡೆ ಇಲ್ಲದಿದ್ದರೂ ಅಲ್ಲಿ ಬರಗಾಲ ಬರಬಹುದು.

ಮನೆಯಲ್ಲಿ ಬಿ.ಪಿ. ನೋಡಿಕೊಳ್ಳುವುದು ಹೇಗೆ?

ಎದ್ದ ಒಂದು ಗಂಟೆಯೊಳಗೆ. ಮೂತ್ರಕ್ಕೆ ಹೋಗಿ ಬಂದ ಮೇಲೆ. ಕಾಫಿ, ತಿಂಡಿ, ಮಾತ್ರೆ, ವಾಕಿಂಗ್ ಎಲ್ಲಕ್ಕೂ ಮೊದಲು. ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಪಟ್ಟಿ ಹೃದಯದ ಮಟ್ಟದಲ್ಲಿ, ಬರಿಯ ಚರ್ಮದ ಮೇಲೆ. ಸ್ವೆಟರ್ ತೋಳನ್ನು ಮೇಲಕ್ಕೆ ಸುತ್ತಿ ಬಿಗಿಮಾಡಿಕೊಂಡು ಅದರ ಕೆಳಗೆ ಪಟ್ಟಿ ಕಟ್ಟಿದರೆ ಅಂಕಿ ಹಾಳು. ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಿ ಎರಡನ್ನೂ ಬರೆದುಕೊಳ್ಳಿ. ರಾತ್ರಿ ಮಲಗುವ ಮೊದಲು ಇದೇ ರೀತಿ ಎರಡು ಸಲ. ಏಳು ದಿನ ಹೀಗೆ ಮಾಡಿ, ಮೊದಲ ದಿನದ್ದನ್ನು ಬಿಟ್ಟು, ಬೆಳಗಿನದನ್ನೂ ರಾತ್ರಿಯದನ್ನೂ ಬೇರೆ ಬೇರೆ ಸರಾಸರಿ ಮಾಡಿ ಡಾಕ್ಟರಿಗೆ ಕೊಡಿ. ಒಂದು ಹಾಳೆ ಸಾಕು. ಅದು ಕ್ಲಿನಿಕ್ಕಿನಲ್ಲಿ ನಾನು ನೋಡುವ ಒಂದು ಅಂಕಿಗಿಂತ ಎಷ್ಟೋ ಮೇಲು.

ಮೆಷಿನ್ ತೋಳಿನದು ಆಗಿರಲಿ, ಮಣಿಕಟ್ಟಿನದು ಬೇಡ. ಪಟ್ಟಿಯ ಅಳತೆ ನೋಡಿ ಕೊಳ್ಳಿ. ಡಬ್ಬಿಯಲ್ಲಿ ಬರುವ ಸಾಮಾನ್ಯ ಪಟ್ಟಿ ಬಹುತೇಕ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬರುವ ತೋಳನ್ನೇ ಮುಂದೆ ಬಳಸಿ.

ದಿನಕ್ಕೆ ಹತ್ತು ಸಲ ನೋಡುವವರಿಗೆ ನನ್ನ ಸಲಹೆ: ಮೆಷಿನ್ ಬೀರುವಿನಲ್ಲಿಡಿ. ಅಂಕಿ ನೋಡಿ ಗಾಬರಿ, ಗಾಬರಿಗೆ ಅಂಕಿ ಏರಿಕೆ, ಅದಕ್ಕೆ ಕೊನೆಯಿಲ್ಲ.

24 ಗಂಟೆಯ ಬಿ.ಪಿ. ಮೆಷಿನ್ ಯಾರಿಗೆ ಬೇಕು?

ಮನೆಯ ಅಂಕಿಗೂ ಆಸ್ಪತ್ರೆಯ ಅಂಕಿಗೂ ತಾಳೆಯಾಗದವರಿಗೆ, ಮೂರು ಮಾತ್ರೆ ನುಂಗಿದರೂ ಹತೋಟಿಗೆ ಬಾರದವರಿಗೆ, ಗೊರಕೆಯವರಿಗೆ, ಸಕ್ಕರೆ ಮತ್ತು ಕಿಡ್ನಿ ತೊಂದರೆ ಇರುವವರಿಗೆ. ನಿದ್ದೆಯಲ್ಲಿನ ಬಿ.ಪಿ. ತೋರಿಸುವ ನೆಚ್ಚಿನ ದಾರಿ ಇದೇ. ರಾತ್ರಿಯ ಸರಾಸರಿ 120/70ರ ಒಳಗಿರಬೇಕು. ತೋಳಿನ ಪಟ್ಟಿ ರಾತ್ರಿಯಿಡೀ ಆಗಾಗ ಹಿಂಡುತ್ತದೆ, ಒಂದು ರಾತ್ರಿಯ ನಿದ್ದೆ ಕೆಡುತ್ತದೆ. ಅದಕ್ಕಿಂತ ಹೆಚ್ಚಿನ ಕಷ್ಟವಿಲ್ಲ.

ಬೆಳಿಗ್ಗೆ ಏರುತ್ತದೆ ಎಂದ ಮೇಲೆ ಮಾತ್ರೆಯನ್ನು ರಾತ್ರಿಗೆ ಬದಲಿಸಿಕೊಳ್ಳಲೇ?

ನೀವಾಗಿಯೇ ಬೇಡ. ರಾತ್ರಿ ಮಾತ್ರೆಯಿಂದ ಹೃದಯಾಘಾತ, ಲಕ್ವದಂಥ ಅನಾಹುತಗಳು ಒಟ್ಟಾರೆ ಹೆಚ್ಚುಕಡಿಮೆ ಅರ್ಧಕ್ಕೆ ತಗ್ಗುತ್ತವೆ ಎಂದು 2019ರಲ್ಲಿ ಸ್ಪೇನಿನ ಅಧ್ಯಯನವೊಂದು ಹೇಳಿತು. ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿರುವುದು ಅದೇ. ಆ ಲೆಕ್ಕದ ಬಗ್ಗೆ ತಜ್ಞರು ಆಗಲೇ ಹುಬ್ಬೇರಿಸಿದ್ದರು. 2022ರಲ್ಲಿ ಬ್ರಿಟನ್ನಿನ ಟೈಮ್ ಅಧ್ಯಯನ 21,104 ಜನರನ್ನು ಬೆಳಿಗ್ಗೆ ಮತ್ತು ಸಂಜೆ ಎಂದು ಎರಡು ಗುಂಪು ಮಾಡಿ ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿತು. ಹೃದಯಾಘಾತ, ಲಕ್ವ, ಸಾವು ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ತಪ್ಪದೆ ನೆನಪಾಗುವ ಹೊತ್ತೇ ಒಳ್ಳೆಯ ಹೊತ್ತು.

ಹೊತ್ತಿಗಿಂತ ಮುಖ್ಯವಾದದ್ದು ಮಾತ್ರೆ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು. ಅಮ್ಲೋಡಿಪಿನ್ ದೇಹದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಟೆಲ್ಮಿಸಾರ್ಟಾನ್‌ಗೆ ಸುಮಾರು ಒಂದು ದಿನ. ಕ್ಲೋರ್‌ಥಾಲಿಡೋನ್ ಕೂಡ ಉದ್ದ ಓಟದ್ದು. ಅಟೆನೊಲಾಲ್‌ಗೆ ಬರೀ ಆರೇಳು ಗಂಟೆ. ದಿನಕ್ಕೊಂದು ನುಂಗಿದರೆ ಮಾರನೆಯ ಬೆಳಗಿನ ಹೊತ್ತಿಗೆ ಅದು ಬಹುಪಾಲು ಖಾಲಿ. ನಿಮ್ಮ ಬೆಳಗಿನ ಅಂಕಿ ಮಾತ್ರ ಹೆಚ್ಚಿದ್ದರೆ ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ ಇದು: "ನನ್ನ ಮಾತ್ರೆ ಮಾರನೆಯ ಬೆಳಿಗ್ಗೆಯವರೆಗೆ ಬರುತ್ತದೆಯೇ?"

ರಾತ್ರಿಗೆ ಎಲ್ಲವನ್ನೂ ಸುರಿದುಕೊಳ್ಳುವುದರಲ್ಲಿ ಇನ್ನೊಂದು ತೊಡಕಿದೆ. ಕೆಲವರಿಗೆ ನಿದ್ದೆಯಲ್ಲಿ ಬಿ.ಪಿ. ಮೊದಲೇ ತೀರಾ ಇಳಿಯುತ್ತದೆ. ಅಂಥ ಹಿರಿಯರು ರಾತ್ರಿ ಎರಡಕ್ಕೆ ಮೂತ್ರಕ್ಕೆಂದು ಎದ್ದು ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಬಿ.ಪಿ. ಹತೋಟಿಯಿಂದ ಬಂದ ಲಾಭವೇನು?

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಹೋಗುವ ದಿನ ಮಾತ್ರೆ ಬಿಡಬೇಕಲ್ಲವೇ?

ಬಿ.ಪಿ. ಮಾತ್ರೆಯನ್ನು ಸಾಮಾನ್ಯವಾಗಿ ಬಿಡಬೇಕಿಲ್ಲ, ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಊಟ ಮಾಡದೆ ತೆಗೆದುಕೊಳ್ಳಬಾರದ್ದು ಸಕ್ಕರೆ ಮಾತ್ರೆ ಮತ್ತು ಇನ್ಸುಲಿನ್. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಒಟ್ಟಿಗೆ ಬಿಡುವವರೇ ಹೆಚ್ಚು. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಗಳಿಗೂ ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೀಟಾ ಬ್ಲಾಕರ್ ಮತ್ತು ಕ್ಲೋನಿಡಿನ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದಂತೂ ಕೂಡದು, ಬಿ.ಪಿ. ಮತ್ತು ನಾಡಿ ಮೊದಲಿಗಿಂತ ಮೇಲಕ್ಕೆ ಪುಟಿಯುತ್ತವೆ.

ಬೆಳಗಿನ ವಾಕಿಂಗ್ ನಿಲ್ಲಿಸಿಬಿಡಲೇ?

ಬೇಡ. ಹೆದರಬೇಕಾದ್ದು ವಾಕಿಂಗಿಗಲ್ಲ, ರೂಢಿಯಿಲ್ಲದ ರಭಸಕ್ಕೆ. 1993ರ ಅಮೆರಿಕದ ಅಧ್ಯಯನವೊಂದರಲ್ಲಿ, ಯಾವತ್ತೂ ವ್ಯಾಯಾಮ ಮಾಡದವರು ಇದ್ದಕ್ಕಿದ್ದಂತೆ ಭಾರಿ ಶ್ರಮ ಪಟ್ಟಾಗ ಆ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ನೂರು ಪಟ್ಟಿಗೂ ಹೆಚ್ಚಾಗಿತ್ತು. ವಾರಕ್ಕೆ ಐದು ದಿನ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಅದು 2.4 ಪಟ್ಟು ಮಾತ್ರ. ದಿನಾ ನಡೆಯುವುದೇ ರಕ್ಷೆ. ಎದ್ದ ಕೂಡಲೇ ಶೂ ಕಟ್ಟಿ ಓಡಬೇಡಿ. ಅರ್ಧ ಗಂಟೆ ಮನೆಯೊಳಗೆ ಓಡಾಡಿ, ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಬಿಸಿಲು ಬರುವವರೆಗೆ ಕಾಯಿರಿ. ಚಳಿಗೆ ಚರ್ಮದ ನಾಳಗಳು ಬಿಗಿದು ಬಿ.ಪಿ. ಇನ್ನಷ್ಟು ಏರುತ್ತದೆ. ನಲವತ್ತೈದು ದಾಟಿ ಹೊಸದಾಗಿ ಜಿಮ್ ಸೇರುವವರು ಮೊದಲು ಒಮ್ಮೆ ತೋರಿಸಿಕೊಳ್ಳಿ.

ಗೊರಕೆಗೂ ಬೆಳಗಿನ ಬಿ.ಪಿ.ಗೂ ಸಂಬಂಧವಿದೆಯೇ?

ಇದೆ, ತುಂಬ ಇದೆ. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುವವರಲ್ಲಿ ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿದು ಅಡ್ರಿನಲಿನ್ ಏರುತ್ತದೆ. ರಾತ್ರಿ ಬಿ.ಪಿ. ಇಳಿಯಬೇಕಾದದ್ದು ಇಳಿಯುವುದಿಲ್ಲ, ಬೆಳಿಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ. ಇದನ್ನು ರೋಗಿಯಲ್ಲ, ಪಕ್ಕದಲ್ಲಿ ಮಲಗುವವರು ಹೇಳಬೇಕು. ಎಷ್ಟು ಮಾತ್ರೆ ಸೇರಿಸಿದರೂ ಬೆಳಗಿನ ಅಂಕಿ ಇಳಿಯದಿದ್ದರೆ ನಾನು ಹೆಂಡತಿಯನ್ನೋ ಗಂಡನನ್ನೋ ಒಳಗೆ ಕರೆದು ಕೇಳುತ್ತೇನೆ.

ಕಾಫಿ, ಉಪ್ಪು, ರಾತ್ರಿಯ ಗುಂಡು?

ಕಾಫಿ ಬಿ.ಪಿ.ಯನ್ನು ಒಂದೆರಡು ಗಂಟೆ ಸ್ವಲ್ಪ ಏರಿಸುತ್ತದೆ, ರೂಢಿಯಿದ್ದವರಿಗೆ ಕಡಿಮೆ. ಕುಡಿಯಿರಿ, ಬಿ.ಪಿ. ನೋಡಿದ ಮೇಲೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ, ಎಲ್ಲ ಅಡುಗೆಯೂ ಸೇರಿ. ಸಾರಿನಲ್ಲಿ ಕಡಿಮೆ ಮಾಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದಲ್ಲಿ ಹಿಂದಿರುಗಿ ಪಡೆದರೆ ಲೆಕ್ಕ ಸರಿಹೋಗದು. ಮದ್ಯದ ಆಟವೇ ಬೇರೆ: ಕುಡಿದ ಕೆಲವು ಗಂಟೆ ಬಿ.ಪಿ. ಇಳಿಸಿ, ಬೆಳಗಿನ ಹೊತ್ತಿಗೆ ಏರಿಸುತ್ತದೆ. ರಾತ್ರಿ ನೋಡಿಕೊಂಡು "ಕುಡಿದರೆ ನನಗೆ ಕಡಿಮೆಯಾಗುತ್ತೆ" ಎನ್ನುವವರು ಬೆಳಿಗ್ಗೆಯೂ ನೋಡಿಕೊಳ್ಳಲಿ. ಎದ್ದ ಕೂಡಲೇ ಬೀಡಿ ಸಿಗರೇಟು ಹಚ್ಚುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಮಲಬದ್ಧತೆಗೆ ತಿಣುಕುವುದೂ ಒತ್ತಡ ಏರಿಸುತ್ತದೆ. ಅದಕ್ಕೆ ಮದ್ದು ಕೇಳಲು ನಾಚಿಕೆ ಬೇಡ.

ಇಸಿಜಿ ನಾರ್ಮಲ್ ಬಂದಿದೆ. ಇನ್ನು ಚಿಂತೆಯಿಲ್ಲ ತಾನೇ?

ಮಲಗಿಸಿ ತೆಗೆದ ಇಸಿಜಿ ಆ ಹತ್ತು ಸೆಕೆಂಡಿನ ಕಥೆ ಹೇಳುತ್ತದೆ. ಹಳೆಯ ಗಾಯ, ದಪ್ಪವಾದ ಗೋಡೆ, ಲಯ ತಪ್ಪಿದ್ದು ತೋರಿಸುತ್ತದೆ. ನಾಳ ಕಟ್ಟಿದ್ದರೂ ಆರಾಮವಾಗಿ ಮಲಗಿದಾಗ ರಕ್ತ ಸಾಲುತ್ತಿದ್ದರೆ ಅದು ನಾರ್ಮಲ್ಲೇ. ಟ್ರೆಡ್‌ಮಿಲ್ ಮೇಲೆ ನಡೆಸುವ ಟಿಎಂಟಿ ಮೇಲು, ಆದರೂ ಪೂರ್ತಿಯಲ್ಲ. ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 68 ಜನರನ್ನು ಅದು ಹಿಡಿಯುತ್ತದೆ. ಇಲ್ಲದ ಕೆಲವರನ್ನು, ಅದರಲ್ಲೂ ಹೆಂಗಸರನ್ನು, ಸುಮ್ಮನೆ ಹೆದರಿಸುತ್ತದೆ. ಶ್ರಮದ ಎಕೋ, ನ್ಯೂಕ್ಲಿಯರ್ ಸ್ಕ್ಯಾನ್, ಸಿಟಿ ಆಂಜಿಯೋಗ್ರಾಂ ಇದಕ್ಕಿಂತ ಚುರುಕು, ದುಬಾರಿ ಕೂಡ.

ಹಾಗೆಂದು ತೊಂದರೆಯೇ ಇಲ್ಲದವರೆಲ್ಲ ಇವನ್ನು ಮಾಡಿಸಬೇಕೇ? ಇಲ್ಲ ಎಂದೇ ನನ್ನ ಉತ್ತರ. ಸಕ್ಕರೆ ಕಾಯಿಲೆ ಇದ್ದು ಎದೆಯ ತೊಂದರೆ ಏನೂ ಇಲ್ಲದ 1,123 ಜನರನ್ನು ತೆಗೆದುಕೊಂಡು, ಅರ್ಧ ಜನರಿಗೆ ಸ್ಕ್ಯಾನ್ ಮಾಡಿ, ಅರ್ಧ ಜನರಿಗೆ ಮಾಡದೆ ನೋಡಿದ ಅಧ್ಯಯನ 2009ರಲ್ಲಿ ಬಂತು. ಸ್ಕ್ಯಾನ್ ಆದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಏನಾದರೊಂದು ಲೋಪ ಸಿಕ್ಕಿತು. ಆದರೆ ಮುಂದಿನ ವರ್ಷಗಳಲ್ಲಿ ಎರಡೂ ಗುಂಪುಗಳಲ್ಲಿ ಹೃದಯಾಘಾತ, ಸಾವು ಹೆಚ್ಚುಕಡಿಮೆ ಒಂದೇ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಮಾತ್ರೆ ಎರಡೂ ಕಡೆ ಸರಿಯಾಗಿ ನಡೆಯುತ್ತಿತ್ತು. ಕೆಲಸ ಮಾಡಿದ್ದು ಅದು. ಶ್ರಮ ಪಟ್ಟಾಗ ದಮ್ಮು, ಕಾರಣವಿಲ್ಲದ ಸುಸ್ತು, ಇಸಿಜಿಯಲ್ಲಿ ಬದಲಾವಣೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ: ಇಂಥದ್ದೇನಾದರೂ ಇದ್ದರೆ ಲೆಕ್ಕ ಬೇರೆ.

ಸುದ್ದಿ ನೋಡಿ ಭಯವಾಗಿದೆ. ಒಮ್ಮೆ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಿಡಲೇ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ, 2025ರ ಜೂನ್ ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ, ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಭಯ ಅರ್ಥವಾಗುತ್ತದೆ. ಆದರೆ ಆ ಸಾಲಿನಲ್ಲಿ ನಿಜಕ್ಕೂ ಎದೆ ಹಿಡಿದುಕೊಂಡು ಬಂದವನೂ ಇರುತ್ತಾನೆ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಒಂದು ಇಸಿಜಿ: ಇಷ್ಟು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಅಲ್ಲಿಂದ ಶುರು ಮಾಡಿ.

ಬ್ಲಾಕ್ ಸಿಕ್ಕರೆ ಸ್ಟೆಂಟ್ ಹಾಕಿಸಲೇಬೇಕೇ?

ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸ್ಥಿರವಾಗಿರುವ ಬ್ಲಾಕ್ ಬೇರೆ. ಭಾರತವೂ ಸೇರಿ ಹಲವು ದೇಶಗಳ 5,179 ರೋಗಿಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಒಳ್ಳೆಯ ಮಾತ್ರೆಗಳ ಮೇಲೆ ಇದ್ದವರಿಗೂ ಸಾವು ಮತ್ತು ಹೃದಯಾಘಾತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಇದ್ದವರಿಗೆ ನೋವು ತಗ್ಗಿತು. ನೋವೇ ಇಲ್ಲದವರಿಗೆ ಆ ಲಾಭವೂ ಇರಲಿಲ್ಲ. ಎಡಭಾಗದ ಮುಖ್ಯ ನಾಳ ಕಟ್ಟಿದ್ದವರನ್ನು, ಹೃದಯದ ಪಂಪು ತೀರಾ ದುರ್ಬಲವಾಗಿದ್ದವರನ್ನು ಈ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅಂಥವರಿಗೆ ಈ ಮಾತು ಅನ್ವಯವಾಗದು. ಉಳಿದವರಿಗೆ ಆಸ್ಪತ್ರೆಯವರು "ನಾಳೆಯೇ ಅಡ್ಮಿಟ್ ಆಗಿ" ಎಂದರೆ ಎರಡನೆಯ ಅಭಿಪ್ರಾಯ ಕೇಳಲು ಹಿಂಜರಿಯಬೇಡಿ.

ಮುಂಜಾಗ್ರತೆಗೆ ದಿನಾ ಆಸ್ಪಿರಿನ್?

ಹೃದ್ರೋಗ ಖಚಿತವಾಗಿಲ್ಲದಿದ್ದರೆ, ಡಾಕ್ಟರು ಹೇಳದೆ, ಬೇಡ. ಹೊಟ್ಟೆಯಲ್ಲಿ, ಮೆದುಳಿನಲ್ಲಿ ರಕ್ತಸ್ರಾವದ ಅಪಾಯವಿದೆ, ಬಿ.ಪಿ. ಹತೋಟಿಯಲ್ಲಿಲ್ಲದವರಿಗೆ ಇನ್ನೂ ಹೆಚ್ಚು.

ಬೆಳಿಗ್ಗೆ ನೋಡಿದಾಗ 180 ದಾಟಿದ್ದರೆ ಏನು ಮಾಡಬೇಕು?

ಮೊದಲು ಕೂತು, ಐದು ನಿಮಿಷ ಬಿಟ್ಟು, ಇನ್ನೊಮ್ಮೆ ನೋಡಿ. ಮೈಯಲ್ಲಿ ಬೇರೇನೂ ತೊಂದರೆ ಇಲ್ಲದಿದ್ದರೆ ಆ ದಿನದ ಮಾತ್ರೆಯನ್ನು ಎಂದಿನಂತೆ ನುಂಗಿ, ಅದೇ ದಿನ ಡಾಕ್ಟರನ್ನು ಕಾಣಿ. ಎರಡು ಮಾತ್ರೆ ಒಟ್ಟಿಗೆ ಬೇಡ. ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆ ಕೆಳಗೆ ಹಾಕುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಇದೆ. ಅದರಿಂದ ಬಿ.ಪಿ. ಧೊಪ್ಪನೆ ಬಿದ್ದು ಹೃದಯಕ್ಕೂ ಮೆದುಳಿಗೂ ರಕ್ತ ಸಾಲದೆ ಅನಾಹುತಗಳಾಗಿವೆ. ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಅಂಕಿಯ ಜೊತೆ ಎದೆ ಒತ್ತುವಿಕೆ, ಏದುಸಿರು, ತಣ್ಣನೆ ಬೆವರು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಅಂಕಿ ನಾರ್ಮಲ್ ಇದ್ದು ಇವು ಬಂದರೂ ಅಷ್ಟೇ. ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ, ಮೆಟ್ಟಿಲಿಳಿದು ನಡೆಯಬೇಡಿ. ಹತ್ತಿರದ ಆಸ್ಪತ್ರೆಗೆ ಮೊದಲು, ದೊಡ್ಡ ಆಸ್ಪತ್ರೆಗೆ ಆಮೇಲೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಬಿ.ಪಿ. ಬರೆಯುವ ಹಾಳೆಯ ಮೇಲ್ಗಡೆ ಬರೆದಿಟ್ಟುಕೊಳ್ಳಿ. ಮಾತ್ರೆಗಳ ಹೆಸರನ್ನೂ ಅದರ ಕೆಳಗೇ ಬರೆಯಿರಿ. ಆಂಬುಲೆನ್ಸಿನವರು ಮೊದಲು ಕೇಳುವುದು ಅದನ್ನೇ.